ತವರು ಬಿಡದ ಸಜಾಯೆ

ಮನೆಯಳಿಯನೆಂದರೆ ಯಾರು, ಅವನ ಪಾಡೇನು ಎಂಬುದನ್ನು ಸಿಂದಗಿ ತಾಲೂಕಿನ ಯಂಕಂಚಿಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಗಂಡುಸಂತಾನವಿಲ್ಲದ ಮನೆಯ ಹೊಲವನ್ನು ನೋಡಿಕೊಳ್ಳಲೆಂದು ಬಂದು, ಮಾವನ ಪಡಸಾಲೆಯಲ್ಲಿ ತುಸು ಮೈಮುದುಡಿಕೊಂಡೇ ಕುಳಿತುಕೊಳ್ಳುವವನು ಅವನು. ಜಪಾನಿನಲ್ಲಿಯೂ ಈ ಪದ್ಧತಿ ಬಹು ಹಳೆಯದು. ಅಲ್ಲಿ ಅಳಿಯನನ್ನು ದತ್ತಕವನ್ನಾಗಿಯೇ ತೆಗೆದುಕೊಳ್ಳುತ್ತಿದ್ದರು. ಅವನು ತನ್ನ ಅಡ್ಡಹೆಸರನ್ನು ತೊರೆದು ಮಾವನ ಅಡ್ಡಹೆಸರನ್ನು ಹೊರಬೇಕಾಗುತ್ತಿತ್ತು. ಅಂಥ ದೇಶದಲ್ಲಿ ಅತ್ಯಂತ ಜನಪ್ರಿಯವಾದ ಸಂಸಾರವೊಂದರಲ್ಲಿ ಅಳಿಯನು ಹೆಂಡತಿಯ ತವರಿನಲ್ಲಿದ್ದೂ ತನ್ನ ಹೆಸರನ್ನು ಉಳಿಸಿಕೊಂಡು, ಸಂಜೆ ಮಾವನ ಜೊತೆಗೆ ಸಮನಾಗಿ ಕುಳಿತು ಗುಟುಕು ಮದ್ಯ ಹೀರುವನೆಂಬುದು ಗಮನಿಸತಕ್ಕ ಸಂಗತಿ.

ಆ ಸಂಸಾರವಿರುವುದು ಚಿತ್ರದಲ್ಲಿ. 'ಸಜಾಯೆ-ಸಾನ್' ಎಂಬ ಈ ಚಲಿಸುವ ಚಿತ್ರಮಾಲೆ ಫ್ಯೂಜಿ ದೂರದರ್ಶನದಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡದ್ದು 1969ರ ಅಕ್ಟೋಬರ 5ರಂದು, ರವಿವಾರ ಸಂಜೆ ಆರೂವರೆಗೆ. ಅಂದಿನಿಂದ ವಾರ ತಪ್ಪಿದ್ದು ವಿರಳ. ಜಗತ್ತಿನಲ್ಲಿ ಅತಿ ದೀರ್ಘಕಾಲ ನಡೆದ ಚಿತ್ರಮಾಲೆಯೆಂದು 2013ರಲ್ಲಿ ಗಿನ್ನೆಸ್ ದಾಖಲೆಯೂ ಇದನ್ನು ಮನ್ನಿಸಿತು. 'ಸಾನ್' ಎಂಬುದು ನಮ್ಮ 'ಅವರು' ಇದ್ದಂತೆ, ಗೌರವದ ಬಾಲ. ಸಜಾಯೆ ಎಂದರೆ ಕಡಲ ಶಂಖದ ಹುಳು. ಮನೆಯವರೆಲ್ಲರ ಹೆಸರೂ ಕಡಲಿನದೇ: ಅಪ್ಪ ನಾಮಿಹೈಯಲ್ಲಿ ಅಲೆಯಿದೆ, ತಮ್ಮ ಕಾತ್ಸುವೊ ಮೀನು, ತಂಗಿ ವಾಕಾಮೆ ಕಡಲಪಾಚಿ. ಅವ್ವ ಫುನೆ ಎಂದರೆ ದೋಣಿ. ವಿಜಾಪುರದ ಸೀಮೆಯವರು ಇದನ್ನು ಕೇಳಿ ತಮ್ಮ ಡೋಣಿ ಹೊಳೆಯನ್ನು ನೆನೆದರೆ ತಪ್ಪಿಲ್ಲ. ಗಂಡ ಮಸುವೊ, ಮೂರು ವರ್ಷದ ಮಗ ತಾರಾ, ಇವರೂ ಮೀನುಗಳೇ. ಇವರಿಬ್ಬರ ಮತ್ತು ಸಜಾಯೆಯ ಅಡ್ಡಹೆಸರು ಫುಗುತಾ, ಉಳಿದ ನಾಲ್ವರದು ಇಸೊನೊ. ಒಂದೇ ಸೂರು, ಎರಡು ಅಡ್ಡಹೆಸರು.

ಇವರನ್ನು ಸೃಷ್ಟಿಸಿದವಳು ಮಾಚಿಕೊ ಹಸೆಗಾವಾ. ಆಕೆ ಹುಟ್ಟಿದ್ದು 1920ರಲ್ಲಿ. ಹದಿಮೂರರ ವಯಸ್ಸಿಗೇ ತಂದೆಯನ್ನು ಕಳೆದುಕೊಂಡಳು. ವಿಧವೆ ತಾಯಿ ಮೂವರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಟೋಕಿಯೋ ಸೇರಿದಳು. ಯುದ್ಧದ ಕಾಲಕ್ಕೆ ಮತ್ತೆ ಫುಕುಒಕಾಗೆ ಮರಳಿದರು. ಅಲ್ಲಿಯ ಮೊಮೊಚಿ ಕಡಲದಂಡೆಯಲ್ಲಿ ಅಡ್ಡಾಡುತ್ತಿದ್ದಾಗ ಈ ಹೆಸರುಗಳು ಹೊಳೆದವು. ಊರಿನ ಸಂಜೆಪತ್ರಿಕೆಯಲ್ಲಿ ನಾಲ್ಕು ಚೌಕಗಳ ಚಿತ್ರಕಥೆ ಆರಂಭವಾದದ್ದು 1946ರ ಏಪ್ರಿಲ 22ರಂದು. ಜಪಾನಿನ ಹೆಂಗಸರು ಪ್ರಥಮ ಬಾರಿಗೆ ಮತ ಹಾಕಿದ್ದು ಅದೇ ತಿಂಗಳ 10ರಂದು. ಹನ್ನೆರಡು ದಿನಗಳ ಅಂತರವನ್ನು ಕೇವಲ ಕಾಕತಾಳೀಯವೆಂದು ಬಿಡಬಹುದು. ಆದರೆ ಆ ಮೊದಲ ಚೌಕಗಳ ಸಜಾಯೆ, ಬಾಯಿಬಡಕಿ, ಮೈತುಂಬ ಅವಸರದ ಹುಡುಗಿ, ಹತ್ತು ವರ್ಷ ಹಿಂದೆ ಪತ್ರಿಕೆಯ ಪುಟವನ್ನು ಏರಬಲ್ಲವಳಾಗಿರಲಿಲ್ಲ.

ಅವಳ ಮದುವೆಯ ಕಥೆ ವಿನೋದಕರವಾಗಿದೆ. ಹಸೆಗಾವಾ ಟೋಕಿಯೋಗೆ ಹೊರಟು ನಿಂತಾಗ ಕಥೆಯನ್ನು ಮುಗಿಸಬೇಕಾಯಿತು; ಅವಸರದಲ್ಲಿ ನಾಯಿಕೆಗೆ ಲಗ್ನ ಮಾಡಿಬಿಟ್ಟಳು. ಕಥೆ ಮತ್ತೆ ಚಿಗುರಿದಾಗ ಗಂಡನೊಬ್ಬನು ಇದ್ದೇ ಇದ್ದ! ದಂಪತಿಗಳು ಮೊದಲು ಬಾಡಿಗೆಯ ಮನೆಯಲ್ಲಿದ್ದರು. ಯುದ್ಧದಲ್ಲಿ ಸುಟ್ಟ ಊರುಗಳಲ್ಲಿ ಅಕ್ಕಿಗೂ ಬರ, ಕಟ್ಟಿಗೆಗೂ ಬರ. ಮಸುವೊ ಒಂದು ದಿನ ಒಲೆಗೆಂದು ಮಾಲಿಕನ ಬೇಲಿಯನ್ನೇ ಗರಗಸದಿಂದ ಕೊಯ್ದನು. ಮಾಲಿಕನಿಗೆ ಕೋಪ ಬಂದಿತು, ಮನೆ ಬಿಡಬೇಕಾಯಿತು. ಹೋಗಲು ತವರಲ್ಲದೆ ಬೇರೆ ಎಡೆಯಿರಲಿಲ್ಲ. ಹೀಗೆ ಅವನು ಮಾವನ ಮನೆಗೆ ಬಂದದ್ದು ಆಸ್ತಿಗಲ್ಲ, ದತ್ತಕನಾಗಿಯೂ ಅಲ್ಲ, ಕಟ್ಟಿಗೆಯ ಬರದಿಂದ. ಮನೆಯ ಯಜಮಾನನಿಗೆ ಸರ್ವಾಧಿಕಾರವಿತ್ತ ಹಳೆಯ ಕುಟುಂಬ ಕಾನೂನನ್ನು 1947ರಲ್ಲಿ ಜಪಾನು ತೊಡೆದುಹಾಕಿತ್ತು. ಆದುದರಿಂದ ಅವನು ತನ್ನ ಹೆಸರಿನೊಂದಿಗೇ ಒಳಗೆ ಬರಲು ಯಾರ ಅಡ್ಡಿಯೂ ಇರಲಿಲ್ಲ.

ಇತ್ತ ಇದನ್ನು ಬರೆಯುತ್ತಿದ್ದ ಮನೆಯಲ್ಲಿ ಮಾವನೇ ಇಲ್ಲ. ಅಕ್ಕ ಮಾರಿಕೊಳ ಗಂಡ ಯುದ್ಧದಲ್ಲಿ ಮಡಿದಿದ್ದನು. ಮಾಚಿಕೊ ಮದುವೆಯಾಗಲೇ ಇಲ್ಲ. ಅಕ್ಕತಂಗಿಯರು ಕೂಡಿ 'ಶಿಮೈಶಾ', ಎಂದರೆ 'ಸೋದರಿಯರ ಸಂಸ್ಥೆ'ಯನ್ನು ತೆರೆದು ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿದರು. ಗದರುವ ಅಪ್ಪ, ಬೈಸಿಕೊಳ್ಳುವ ತಮ್ಮ, ಮೆತ್ತಗಿನ ಗಂಡ, ಇವರೆಲ್ಲರನ್ನೂ ಆಕೆ ತನ್ನಲ್ಲಿಲ್ಲದ ಮನೆಗಾಗಿ ಬರೆದಳು. 'ಅಸಾಹಿ' ಪತ್ರಿಕೆಯಲ್ಲಿ 1974ರ ಫೆಬ್ರುವರಿಯವರೆಗೂ ಅದು ನಡೆಯಿತು. 1992ರಲ್ಲಿ ಆಕೆ ತೀರಿಕೊಂಡಳು.

ಪತ್ರಿಕೆಯ ಸಜಾಯೆಗೂ ದೂರದರ್ಶನದ ಸಜಾಯೆಗೂ ಭೇದವಿದೆ. ಮೊದಲನೆಯವಳು ರೇಷನ್ನಿನ ಸಾಲನ್ನು, ಕಾಳಸಂತೆಯನ್ನು ಬಲ್ಲವಳು, ಹೆಣ್ಣಿನ ಹಕ್ಕಿನ ಮಾತನ್ನೂ ಆಡಬಲ್ಲವಳು. ಎರಡನೆಯವಳಿಗೆ ಹಸಿವೆಯ ನೆನಪಿಲ್ಲ. ಅವಳ ಅಂಚು ಸವೆದಿದೆ. ವಿದ್ಯುತ್ ಸಾಮಾನುಗಳ ತೊಷಿಬಾ ಕಂಪನಿ ಮೊದಲಿನಿಂದ 2018ರ ಮಾರ್ಚಿಯವರೆಗೆ ಈ ಮಾಲೆಯ ಪ್ರಾಯೋಜಕವಾಗಿತ್ತು. ಆದರೂ ಆ ಮನೆಯ ಕರಿಯ ಡಯಲ್ ಫೋನು ಕದಲಲಿಲ್ಲ, ಏಳು ಮಂದಿ ನೆಲಕ್ಕೆ ಕುಳಿತು ಉಣ್ಣುವ ಕುಳ್ಳ ಮೇಜೂ ಕದಲಲಿಲ್ಲ. 1979ರ ಸಪ್ಟೆಂಬರ 16ರಂದು ನೂರಕ್ಕೆ 39.4ರಷ್ಟು ಮನೆಗಳು ಇದನ್ನು ನೋಡಿದವು. 2020ರ ಜನಗಣತಿಯ ವೇಳೆಗೆ ಜಪಾನಿನ ನೂರು ಮನೆಗಳಲ್ಲಿ 38ರಲ್ಲಿ ಒಬ್ಬೊಬ್ಬರೇ ವಾಸಿಸುತ್ತಿದ್ದರು. ಕೊನೆಯ ಹಾಡು ಕೇಳುತ್ತಲೇ, ನಾಳೆ ಸೋಮವಾರವೆಂದು ಮನಸ್ಸು ಕುಂದುವುದಕ್ಕೆ ಅಲ್ಲಿಯವರು 'ಸಜಾಯೆ-ಸಾನ್ ಬೇನೆ' ಎಂದು ಹೆಸರಿಟ್ಟಿದ್ದಾರೆ. ಕಚೇರಿಯ ಹೆದರಿಕೆಯೇ ಅದರ ಕಾರಣವೆನ್ನುತ್ತಾರೆ; ಅಷ್ಟೇ ಇರಲಾರದು. ಏಳು ಜನರ ಊಟವನ್ನು ಒಬ್ಬನೇ ಕುಳಿತು ನೋಡಿ ಎದ್ದವನಿಗೆ ಸೋಮವಾರವೊಂದೇ ಭಾರವಾಗುವುದೆ?

ಅವರಿಗೆ ಮಾತ್ರ ವಯಸ್ಸಾಗುವುದಿಲ್ಲ. ನಾಮಿಹೈಗೆ 54. ನೆತ್ತಿಯ ಮೇಲೆ ಒಂದೇ ಕೂದಲು. ಜಪಾನಿನ ಗಂಡಸಿನ ಸರಾಸರಿ ಆಯುಷ್ಯ 1947ರಲ್ಲಿ ಐವತ್ತೇ ಆಗಿತ್ತು. ಕಾತ್ಸುವೊ ಐದನೆಯ ಇಯತ್ತೆಯಲ್ಲಿಯೇ ಇದ್ದಾನೆ, ಅವನಿಗೆ 11. ಮಾಲೆ ಆರಂಭವಾದ ಸಂಜೆ ಅವನ ವಾರಿಗೆಯವನಾಗಿ ಅದನ್ನು ನೋಡಿದ ಹುಡುಗನು 2012ರಲ್ಲಿಯೇ ನಾಮಿಹೈಯ ವಯಸ್ಸನ್ನು ಮುಟ್ಟಿದನು. ಅವನು ಮೊದಲ ದಿನ ಕೇಳಿದ ದನಿಗಳಲ್ಲಿ 2023ರ ನಂತರ ಉಳಿದದ್ದು ಒಂದೇ, ಸಜಾಯೆಗೆ ಮಾತು ಕೊಡುವ ಮಿದೊರಿ ಕಾತೊಳದು.