ಮಾರಿದರೆ ಹೊಗೆ ಮಾಯವಾದೀತೆ?

ನಮ್ಮ ಬಳಗದ ಹಳೆಯ ಡೀಸೆಲ್ ಪಿಕಪ್ಪನ್ನು ಇಟ್ಟುಕೊಳ್ಳುವುದೋ, ಮಾರುವುದೋ, ಹೊಸದನ್ನು ಕೊಳ್ಳುವುದೋ ಎಂಬ ಚರ್ಚೆ ಕಳೆದ ಸಭೆಯಲ್ಲಿ ನಡೆಯಿತು. ಅಂತರಗಂಗೆ ಬೆಟ್ಟದ ತಪ್ಪಲಿಗೆ ಸಸಿ ಸಾಗಿಸುವ ಗಾಡಿಯೇ ಕರಿಹೊಗೆ ಉಗುಳುವುದು ನಮಗೆ ಮುಜುಗರದ ಸಂಗತಿ.

ಕೋಲಾರದ ಮಂಡಿಗೆ ಟೊಮೆಟೊ, ಶ್ರೀನಿವಾಸಪುರಕ್ಕೆ ಮಾವು ಹೊತ್ತು ತರುವ ರೈತರ ಮುಂದೆಯೂ ಇದೇ ಪ್ರಶ್ನೆಯಿದೆ. 2020ರ ಏಪ್ರಿಲ್‌ನಲ್ಲಿ ಜಾರಿಯಾದ ಬಿಎಸ್-6 ಮಾನದಂಡದ ವಾಹನಗಳು ಹಳೆಯವುಗಳಿಗಿಂತ ಬಹಳ ಕಡಿಮೆ ಮಸಿ ಬಿಡುತ್ತವೆ, ನಿಜ. ಆದರೆ ಹೊಸ ಗಾಡಿಯ ಉಕ್ಕಿಗೂ ಯಾವುದೋ ಬೆಟ್ಟವನ್ನು ಅಗೆದ ಅದಿರು ಬೇಕು. ಹಳೆಯದನ್ನು ಮಾರಿದರೂ ಹೊಗೆ ಅಳಿಯದು. ಮುಳಬಾಗಿಲಿನದು ಮಾಲೂರಿಗೆ ವಲಸೆ ಹೋದೀತು, ಅಷ್ಟೆ.

ಆದ್ದರಿಂದ ಓಟವೇ ಅಳತೆಗೋಲಾಗಲಿ. ನಿತ್ಯ ಮಂಡಿಗೆ ಓಡುವ ಹಳೆಯ ಗಾಡಿ ಬದಲಾಗಬೇಕು. ಅದು 2021ರ ನಿಯಮಗಳಡಿ ನೋಂದಾಯಿತವಾದ ಗುಜರಿ ಕೇಂದ್ರವನ್ನು ಸೇರಬೇಕು. ಓಡುವ ಗಾಡಿಯ ಬೆಲೆ ಅಲ್ಲಿ ಸಿಗದು. ಸಣ್ಣ ರೈತನಿಗೆ ಆ ನಷ್ಟ ದೊಡ್ಡದು. ಸರ್ಕಾರ ಅವನ ಕೈಹಿಡಿಯದೆ ಈ ನೀತಿ ಹಳ್ಳಿಯನ್ನು ಮುಟ್ಟದು.

ನಮ್ಮ ಗಾಡಿ ಓಡುವುದು ಮಳೆಗಾಲದ ಕೆಲವು ದಿನ ಮಾತ್ರ. ಇಂಜೆಕ್ಟರ್ ದುರಸ್ತಿ ಮಾಡಿಸಿ, ಎಫ್‌ಸಿ ಸಿಗುವವರೆಗೆ ಇಟ್ಟುಕೊಳ್ಳೋಣ. ಸಿಗದ ದಿನ ಗುಜರಿಗೆ ಒಪ್ಪಿಸೋಣ. ನಷ್ಟವನ್ನು ನಾವು ಹೊರಬಹುದು, ಹೊಗೆಯನ್ನು ಅನ್ಯರ ಮೇಲೆ ಹೊರಿಸಲಾಗದು.