ಫ್ರಾನ್ಸ್ ರೀಲ್‌ಗೆ ಲೈಕು, ಕುರುಬರಹಳ್ಳಿ ಕಾಲುವೆಗೆ ಮೂಗು ಮುಚ್ಚು

1/8
ನೀವು ಸೇವ್ ಮಾಡಿಟ್ಟಿರೋ ಆ ರೀಲ್ ನನಗೂ ಬಂದಿದೆ. ಫ್ರಾನ್ಸಿನ ಯಾವುದೋ ಹಳ್ಳಿ. ಸಾಲುಮರ, ಪಕ್ಕದಲ್ಲಿ ಕಾಲುವೆ, ಸೈಕಲ್ ಮೇಲೆ ಆರಾಮಾಗಿ ಹೋಗ್ತಿರೋ ಒಬ್ಬರು ಅಜ್ಜಿ. ಒಂದು ಕಾರಿಲ್ಲ, ಒಂದು ಹಾರ್ನಿಲ್ಲ. ಕೆಳಗೆ ಕಾಮೆಂಟಲ್ಲಿ ಇರೋದು ನಮ್ಮವರೇ: "ಅವರ ಸಂಸ್ಕೃತಿನೇ ಬೇರೆ, ನಮ್ಮಲ್ಲಿ ಬಿಡಿ, ಆಗಲ್ಲ."

ಯಾಕ್ ಬಿಡಬೇಕು? ಆ ದಾರಿ ಸಂಸ್ಕೃತಿಯಿಂದ ತಾನಾಗೇ ಮೊಳೆತು ಬಂದಿದ್ದಲ್ಲ. ಯಾರೋ ಕೂತು ನಕ್ಷೆ ನೋಡಿ, ಕಾನೂನು ಬರೆದು, ಕಾರಿಗೆ "ಇಲ್ಲಿ ನಿನಗೆ ಜಾಗ ಇಲ್ಲ" ಅಂತ ಬೋರ್ಡ್ ಹಾಕಿದ್ದರಿಂದ ಆಗಿದ್ದು. ಅಂಥದ್ದೇ ನಕ್ಷೆ ಈಗ ನಮ್ಮೂರಲ್ಲೂ ಮೇಜಿನ ಮೇಲಿದೆ. ಅದರ ಮೇಲೆ ಕಾರಿಗೆ ದಾರಿ ಬರೀತಾ ಇದ್ದಾರೆ. ಅದಕ್ಕೇ ಈ ಸರಣಿ. ಕೊನೆತನಕ ಓದಿ.

2/8
ಮೊದಲು ಅಲ್ಲಿನ ಕಥೆ.

ಬರ್ಗಂಡಿ ಸೀಮೆಯಲ್ಲಿ ಜೀವ್ರಿ ಮತ್ತು ಕ್ಲೂನಿ ಅಂತ ಎರಡು ಊರು. ನಡುವೆ ರೈಲು ನಿಂತುಹೋಗಿ ಹಳಿ ಪಾಳು ಬಿದ್ದಿತ್ತು. 1997ರಲ್ಲಿ ಅದೇ ಜಾಗದಲ್ಲಿ ಸುಮಾರು 44 ಕಿ.ಮೀ. ಹಸಿರು ದಾರಿ ಶುರುವಾಯ್ತು. ಫ್ರೆಂಚ್‌ನಲ್ಲಿ ಅದಕ್ಕೆ 'ವ್ವಾ ವೆರ್ತ್' ಅಂತಾರೆ. ಆ ದೇಶದ ಮೊದಲನೇದು ಅದು. 2004ರಲ್ಲಿ ಅವರ ಸಂಚಾರ ನಿಯಮಾವಳಿಗೇ ಆ ಹೆಸರು ಸೇರಿತು: ನಡೆಯೋರಿಗೆ, ಸೈಕಲ್‌ಗೆ, ಕುದುರೆಗೆ ಮಾತ್ರ, ಮೋಟಾರು ಬರುವಂತಿಲ್ಲ.

ದಕ್ಷಿಣದಲ್ಲಿ ಕನಾಲ್ ದು ಮಿದಿ ಇದೆ. 1681ರಲ್ಲಿ ತೆರೆದ, ಸುಮಾರು 240 ಕಿ.ಮೀ. ಉದ್ದದ ಕಾಲುವೆ. ದೋಣಿ ಎಳೆಯೋ ಕುದುರೆಗಳಿಗೆ ಅಂತ ದಂಡೆ ಮಾಡಿದ್ದರು. ಕುದುರೆ ಕೆಲಸ ಮುಗಿದ ಮೇಲೆ ಆ ದಂಡೆ ಸೈಕಲ್ಲಿಗೆ ಸಿಕ್ತು. ಎಲ್ಲ ಕಡೆ ನುಣುಪಾದ ಡಾಂಬರು ಏನಿಲ್ಲ. ತುಲೂಸ್ ಕಡೆ ಚೆನ್ನಾಗಿದೆ, ಮುಂದೆ ಮಣ್ಣು, ಬೇರು, ಜಲ್ಲಿ. ಲ್ವಾರ್ ನದಿ ಪಕ್ಕದ 900 ಕಿ.ಮೀ. ದಾರಿಯಲ್ಲೂ ನಡುನಡುವೆ ಹಳ್ಳಿ ರಸ್ತೆಗಳು ಬರ್ತವೆ. ರೀಲ್‌ನಲ್ಲಿ ಅದನ್ನ ತೋರಿಸಲ್ಲ, ಅಷ್ಟೇ.

3/8
ಗಮನಿಸಿ: ಸತ್ತ ರೈಲು ಮಾರ್ಗ, ಹಳೇ ಕಾಲುವೆ ದಂಡೆ, ನದಿ ದಂಡೆ. ಇವೇ ಯಾಕೆ?

ಏಕೆಂದರೆ ಮೂರೂ ಸಪಾಟು. ಉಗಿಬಂಡಿಗೆ ಕಡಿದಾದ ಏರು ಹತ್ತೋಕಾಗಲ್ಲ, ನೀರಿಗೆ ಏರು ಅನ್ನೋದೇ ಗೊತ್ತಿಲ್ಲ. ಸೈಕಲ್ ತುಳಿಯೋರ ಮೊಣಕಾಲಿಗೂ ಅದೇ ಬೇಕಾಗಿರೋದು. ಜೊತೆಗೆ ಈ ಜಾಗಗಳು ಉದ್ದಕ್ಕೆ ಒಂದೇ ಸಮ ಸಾಗ್ತವೆ, ಬಹುಪಾಲು ಸರ್ಕಾರದ ಕೈಲೇ ಇರ್ತವೆ. ಹೊಸದಾಗಿ ಯಾರ ಹೊಲವನ್ನೂ ಕಿತ್ತುಕೊಳ್ಳೋ ಹಾಗಿಲ್ಲ.

ಈಗ ನಮ್ಮ ಮಹಾಲಕ್ಷ್ಮಿ ಲೇಔಟ್ ನೆನಪು ಮಾಡ್ಕೊಳ್ಳಿ. ಪ್ರಸನ್ನ ವೀರಾಂಜನೇಯ ಸ್ವಾಮಿ ಕೂತಿರೋದು ಗುಡ್ಡದ ಮೇಲೆ. ಸುತ್ತ ಎಲ್ಲಿಗೆ ಹೋಗಬೇಕಂದ್ರೂ ಒಂದು ಏರು, ಒಂದು ಇಳಿಜಾರು. "ನಮ್ಮ ಏರಿಯಾ ಸೈಕಲ್ಲಿಗೆ ಆಗಿ ಬರಲ್ಲ ಸಾರ್" ಅನ್ನೋರು ಇದನ್ನೇ ಹೇಳೋದು. ಸರಿ. ಆದರೆ ಗುಡ್ಡದ ನೀರು ಎಲ್ಲಿಗೆ ಇಳಿಯುತ್ತೆ? ಕುರುಬರಹಳ್ಳಿ ಕಡೆಯ ರಾಜಕಾಲುವೆಗೆ. ಅಲ್ಲಿಂದ ತಗ್ಗು ಹುಡುಕ್ಕೊಂಡು ಹೋಗಿ ವೃಷಭಾವತಿ ಸೇರುತ್ತೆ. ನಾಯಂಡಹಳ್ಳಿ, ಕೆಂಗೇರಿ ದಾಟಿ ಬಿಡದಿ ಹತ್ತಿರದ ಬೈರಮಂಗಲ ಕೆರೆ ತನಕ. ಸಪಾಟು ದಾರಿ ನಮ್ಮ ಕಾಲ ಕೆಳಗೇ ಇದೆ. ನಾವು ಅದಕ್ಕೆ ಮೋರಿ ಅಂತ ಹೆಸರಿಟ್ಟು ಮೂಗು ಮುಚ್ಕೊಂಡಿದ್ದೀವಿ.

4/8
ಸರ್ಕಾರ ಮೂಗು ಮುಚ್ಕೊಂಡಿಲ್ಲ ನೋಡಿ, ಕಣ್ಣಿಟ್ಟಿದೆ.

2025ರ ಮಾರ್ಚ್‌ನಲ್ಲಿ ಮಂಡಿಸಿದ ರಾಜ್ಯ ಬಜೆಟ್‌ನಲ್ಲಿ ಬೆಂಗಳೂರಿನ ಕಾಲುವೆಗಳ ಬಫರ್ ಜಾಗದಲ್ಲಿ 300 ಕಿ.ಮೀ. ಹೊಸ ರಸ್ತೆ ಅಂತ ಘೋಷಣೆ ಆಯ್ತು. 3,000 ಕೋಟಿ ರೂಪಾಯಿ. ಬಫರ್ ಅಂದ್ರೆ ಕಾಲುವೆ ಅಕ್ಕಪಕ್ಕ ಕಟ್ಟಡ ಕಟ್ಟದೆ ಬಿಡಬೇಕಾದ ಜಾಗ. 2015ರ ಮಾಸ್ಟರ್ ಪ್ಲಾನ್ ಪ್ರಕಾರ ದೊಡ್ಡ ರಾಜಕಾಲುವೆಗೆ 50 ಮೀಟರ್, ಮಧ್ಯದ್ದಕ್ಕೆ 25, ಸಣ್ಣದಕ್ಕೆ 15. ಅದು ನೀರಿಗೆ ಉಸಿರಾಡೋಕೆ ಬಿಟ್ಟ ಜಾಗ.

300 ಕಿ.ಮೀ.! ಇಡೀ ನಗರದ ತಗ್ಗು ದಾರಿಗಳ ಬಲೆ. ಇಂಥದ್ದು ಯಾವ ಊರಿಗೂ ಎರಡನೇ ಸಲ ಸಿಗಲ್ಲ. ಅದನ್ನ ಕಾರಿಗೆ ಬರೆದುಕೊಟ್ಟರೆ ಮುಗೀತು. ಟಾರು ಬಿದ್ದ ಮೇಲೆ ಒಂದು ಬದಿ ಪಾರ್ಕಿಂಗ್, ಇನ್ನೊಂದು ಬದಿ ಕಸದ ಆಟೋ, ನಡುವೆ ಜಾಮ್. ಐದು ವರ್ಷದಲ್ಲಿ ಅದೂ ಇನ್ನೊಂದು ಕಾರ್ಡ್ ರೋಡ್.

5/8
"ಸೈಕಲ್ ಲೇನ್ ಮಾಡಿದ್ರಲ್ಲ, ಯಾರು ಓಡಿಸಿದ್ರು?" ಅಂತ ಕೇಳ್ತೀರಿ. ಕೇಳಲೇಬೇಕು.

2012ರಲ್ಲಿ ಜಯನಗರದಲ್ಲಿ ಸೈಕಲ್ ಪಥ ಮಾಡಿದರು. ಅದರ ಮೇಲೆ ಕಾರು ನಿಂತವು. 2020ರಲ್ಲಿ ಔಟರ್ ರಿಂಗ್ ರೋಡಲ್ಲಿ ಸಿಲ್ಕ್ ಬೋರ್ಡ್ ಕಡೆಯಿಂದ ಕಂಬ ನೆಟ್ಟು ಇನ್ನೊಂದು ಮಾಡಿದರು. ಈಗ ಅದನ್ನ ದುರ್ಬೀನು ಹಾಕಿ ಹುಡುಕಬೇಕು. ಇದರಿಂದ ಕಲಿಯಬೇಕಾದ ಪಾಠ "ಜನ ಸೈಕಲ್ ಓಡಿಸಲ್ಲ" ಅನ್ನೋದಲ್ಲ. ಕಾರಿನ ಪಕ್ಕ ಬಣ್ಣ ಬಳಿದು ಕೊಟ್ಟ ಜಾಗವನ್ನ ಕಾರು ತಿಂದೇ ತಿನ್ನುತ್ತೆ ಅನ್ನೋದು. ಅದಕ್ಕೇ ಕಾರು ಬರೋಕೇ ಆಗದ ದಾರಿ ಬೇಕು.

ಇನ್ನು ಯಾರು ಓಡಿಸ್ತಾರೆ ಅನ್ನೋದಕ್ಕೆ ಬೆಳಗ್ಗೆ ಐದೂವರೆಗೆ ಬಾಲ್ಕನಿಗೆ ಬನ್ನಿ. ನಿಮ್ಮ ಮನೆಗೆ ಪೇಪರ್ ಹಾಕೋ ಹುಡುಗ, ಅಪಾರ್ಟ್‌ಮೆಂಟಿನ ರಾತ್ರಿ ಪಾಳಿ ಮುಗಿಸಿದ ಸೆಕ್ಯುರಿಟಿ ಅಣ್ಣ, ಲಗ್ಗೆರೆಯಿಂದ ಪೀಣ್ಯದ ಫ್ಯಾಕ್ಟರಿಗೆ ಹೊರಟವರು. ಇವರ ಹತ್ತಿರ ಲೈಕ್ರಾ ಚಡ್ಡಿ ಇಲ್ಲ, ಸ್ಟ್ರಾವಾ ಇಲ್ಲ. ಆದ್ದರಿಂದ ಯಾವ ಸರ್ವೆಯೋರ ಕಣ್ಣಿಗೂ ಇವರು 'ಸೈಕ್ಲಿಸ್ಟ್' ಆಗಿ ಬೀಳಲ್ಲ. ನಾವು ಮಾತ್ರ ಭಾನುವಾರ ಸೈಕಲ್ಲನ್ನ ಕಾರಿನ ಮೇಲೆ ಕಟ್ಕೊಂಡು ನಂದಿ ಬೆಟ್ಟದ ದಾರಿ ಹಿಡೀತೀವಿ. ಸೈಕಲ್ ತುಳಿಯೋಕೆ ಕಾರು ಬೇಕಾದ ಊರು ನಮ್ಮದು!

6/8
"ಅಲ್ಲಿ ನಾತ ಮಾರಾಯ್ರೇ, ಯಾರು ಹೋಗ್ತಾರೆ?"

ನಾತ ಇದೆ, ಸುಳ್ಳು ಹೇಳಲ್ಲ. ಆದರೆ ಅದರ ಪಕ್ಕದಲ್ಲೇ ಜನ ಸಂಸಾರ ಮಾಡ್ತಿದ್ದಾರೆ, ಮಕ್ಕಳು ಹೋಂವರ್ಕ್ ಬರೀತಿದ್ದಾರೆ. ಕಾರಿನವರು ಗಾಜು ಏರಿಸಿ ಎಸಿ ಹಾಕ್ಕೊಂಡು ದಾಟಿ ಹೋಗ್ತಾರೆ. ಅವರಿಗೆ ಕಾಲುವೆ ಶುದ್ಧವಾದರೆಷ್ಟು, ಬಿಟ್ಟರೆಷ್ಟು? ದಿನಾ ಮೂಗಿಗೆ ಬಡಿಯೋರು ಆ ದಾರೀಲಿ ಓಡಾಡಿದರೆ ಚರಂಡಿ ನೀರು ಬಿಡೋರ ವಿರುದ್ಧ ಗಲಾಟೆ ಶುರುವಾಗುತ್ತೆ.

"ಮಳೆ ಬಂದ್ರೆ?" ಇದು ಗಂಭೀರ ಪ್ರಶ್ನೆ. 2017ರ ಮಳೆಗಾಲದಲ್ಲಿ ಇದೇ ಕುರುಬರಹಳ್ಳಿ ಕಾಲುವೆ ಜನರನ್ನ ಕೊಚ್ಚಿಕೊಂಡು ಹೋಯ್ತು. ಅದನ್ನ ಮರೆತು ಯಾವ ದಾರಿಯನ್ನೂ ಮಾಡಬಾರದು. ಹೇಳಿ, ಅಂಥ ಕಡೆ ಯಾವುದು ಸುರಕ್ಷಿತ? ಕಾಲುವೆಯನ್ನ ಇನ್ನಷ್ಟು ಒತ್ತಿ ಹಾಕೋ ಅಗಲವಾದ ಕಾಂಕ್ರೀಟ್ ರಸ್ತೆಯಾ, ಇಲ್ಲ ನೀರು ಇಂಗೋಕೆ ಮಣ್ಣು-ಮರ ಬಿಟ್ಟು, ಗಟ್ಟಿ ಕಟಾಂಜನ ಹಾಕಿ, ಜೋರು ಮಳೆಗೆ ಗೇಟು ಮುಚ್ಚಬಹುದಾದ ಮೂರು ಮೀಟರ್ ದಾರಿಯಾ?

ನೀರಿನ ಅಂಚಿಗೆ ಮೋಟಾರು ಬಿಟ್ಟರೆ ಏನಾಗುತ್ತೆ ಅಂತ ಮಂಡ್ಯದವರನ್ನ ಕೇಳಿ. 2018ರ ನವೆಂಬರ್ 24ರಂದು ಕನಗನಮರಡಿ ಹತ್ತಿರ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಹೋದರು. ಶಾಲೆ ಮಕ್ಕಳೂ ಇದ್ದರು ಅದರಲ್ಲಿ. ಫ್ರಾನ್ಸ್ ತನ್ನ ಕಾಲುವೆ ದಂಡೆಯಿಂದ ಮೋಟಾರನ್ನ ದೂರ ಇಟ್ಟಿತು. ನಾವು ದಂಡೆಗೇ ಕರ್ಕೊಂಡು ಬರ್ತಿದ್ದೀವಿ.

7/8
ಹಾಗಾದ್ರೆ ಕಾಲುವೆ ಪಕ್ಕದ ಮನೆಯವರಿಗೆ ದಾರಿ ಬೇಡ್ವಾ? ಆಂಬುಲೆನ್ಸ್ ಬೇಡ್ವಾ? ಬೇಕು. ಮನೆಗೆ ಬೇರೆ ದಾರಿನೇ ಇಲ್ಲದ ಕಡೆ ನಿಧಾನವಾಗಿ ಸಾಗೋ ಸಣ್ಣ ರಸ್ತೆ ಇರಲಿ. ಮೂರು ಮೀಟರ್ ದಾರೀಲಿ ಆಂಬುಲೆನ್ಸೂ ಹೋಗುತ್ತೆ, ತುರ್ತಿಗೆ ತೆಗೆಯೋ ಕಂಬ ನೆಟ್ಟರಾಯ್ತು. ನನ್ನ ತಕರಾರು ಒಂದೇ: ಊರಿನ ಈ ತುದಿಯಿಂದ ಆ ತುದಿಗೆ ಕಾರು ನುಗ್ಗೋಕೆ ಅಂತ ಬಫರ್ ಜಾಗ ಕೊಡಬೇಡಿ.

ಫ್ರಾನ್ಸ್‌ನಲ್ಲಿ 1996ರ ಡಿಸೆಂಬರ್‌ನಲ್ಲಿ ಗಾಳಿ ಶುದ್ಧಿ ಬಗ್ಗೆ ಒಂದು ಕಾನೂನು ಬಂತು. ಪಟ್ಟಣದಲ್ಲಿ ರಸ್ತೆ ಹೊಸದಾಗಿ ಕಟ್ಟಿದರೂ, ಹಳೇದನ್ನ ದುರಸ್ತಿ ಮಾಡಿದರೂ ಸೈಕಲ್ಲಿಗೆ ದಾರಿ ಮಾಡಲೇಬೇಕು ಅಂತ ಅದರಲ್ಲಿದೆ. ಮಾಡಿದ್ರೆ ಒಳ್ಳೇದು ಅಂತಲ್ಲ, ಮಾಡಲೇಬೇಕು. ನೀವು ಕಾಮೆಂಟಲ್ಲಿ ಹೇಳೋ "ಸಂಸ್ಕೃತಿ"ಯ ಒಂದು ಭಾಗ ಇದು: ಗೆಜೆಟ್‌ನಲ್ಲಿ ಅಚ್ಚಾದ ಒಂದು ವಾಕ್ಯ.

8/8
ಮೂರು ಬೇಡಿಕೆ. ಸ್ಕ್ರೀನ್‌ಶಾಟ್ ತಗೊಳ್ಳಿ.

ಒಂದು: ನಮ್ಮ ಭಾಗದ ಬಫರ್ ರಸ್ತೆಯ ನಕ್ಷೆ ಕನ್ನಡದಲ್ಲಿ, ವಾರ್ಡ್ ಕಚೇರಿ ಗೋಡೆ ಮೇಲೆ, ಟೆಂಡರ್‌ಗೆ ಮುಂಚೆ ಬರಬೇಕು.

ಎರಡು: ಮನೆಬಾಗಿಲಿಗೆ ದಾರಿ ಇರೋ ಕಡೆಯೆಲ್ಲ ಕಾಲುವೆ ದಂಡೆ ನಡೆಯೋರಿಗೆ ಮತ್ತು ಸೈಕಲ್ಲಿಗೆ ಮಾತ್ರ. ಸ್ಕೂಟರ್ರೂ ಬೇಡ.

ಮೂರು: ಮೊದಲು ಒಂದು ತುಂಡು ಮಾಡಿ ತೋರಿಸಲಿ. ಕುರುಬರಹಳ್ಳಿಯಿಂದ ವೃಷಭಾವತಿ ಕಡೆಗೆ, ಪೇಪರ್ ಹುಡುಗ ಹೆದರದೆ ತುಳಿಯೋ ಹಾಗೆ.

ನಿಮ್ಮ ವಾರ್ಡ್ ಸಭೆಗೆ ಹೋಗಿ ಇದನ್ನ ಕೇಳಿ. ಪಾಲಿಕೆಗೆ ಒಂದು ಅರ್ಜಿ ಬರೀರಿ, ನಿಮ್ಮ ಬೀದಿಯ ಹತ್ತು ಜನರ ಸಹಿ ಹಾಕಿಸಿ. ಟಾರು ಬೀಳೋಕೆ ಮುಂಚೆ ಕೇಳಿದರೆ ಅದು ಬೇಡಿಕೆ, ಬಿದ್ದ ಮೇಲೆ ಬರೀ ಗೊಣಗಾಟ. ಕಾಮೆಂಟಲ್ಲಿ ನಿಮ್ಮ ಏರಿಯಾದ ಕಾಲುವೆ ಹೆಸರು ಹಾಕಿ, ಮುಂದಿನ ಸರಣಿ ಅದರ ಮೇಲೇ.

#ಮಹಾಲಕ್ಷ್ಮಿಲೇಔಟ್ #ಕುರುಬರಹಳ್ಳಿ #ರಾಜಕಾಲುವೆ #ವೃಷಭಾವತಿ #ಸೈಕಲ್‌ದಾರಿ