ಸಮಾಜಕಾರ್ಯದ ಪದವಿ ಮತ್ತು ಸಂಘದ ಮೊಹರು

ಕಳೆದ ಅಡಿಕೆ ಸುಗ್ಗಿಯಲ್ಲಿ ಕೋರ ಹೋಬಳಿಯ ಸದಸ್ಯರೊಬ್ಬರ ಸೊಸೆ ಒಂದು ಅಚ್ಚಾದ ನಮೂನೆಯನ್ನು ಹಿಡಿದುಕೊಂಡು ನಮ್ಮಲ್ಲಿಗೆ ಬಂದಿದ್ದರು. ಎರಡೂವರೆ ಎಕರೆ ತೋಟ, ಇಬ್ಬರು ಮಕ್ಕಳು, ಕೊಟ್ಟಿಗೆಯಲ್ಲಿ ಎರಡು ಹಸು, ಹಾಸಿಗೆ ಹಿಡಿದ ಅತ್ತೆ. ಇಷ್ಟರ ನಡುವೆ ಆಕೆ ದೂರಶಿಕ್ಷಣದ ಮೂಲಕ ಸಮಾಜಕಾರ್ಯದ ಸ್ನಾತಕೋತ್ತರ ಪದವಿಗೆ ಓದುತ್ತಿದ್ದಾರೆ. ಆಕೆಗೆ ಬೇಕಿದ್ದುದು ಇಷ್ಟೇ: ಈ ವಿದ್ಯಾರ್ಥಿನಿ ನಮ್ಮ ಸಂಸ್ಥೆಯಲ್ಲಿ ಕ್ಷೇತ್ರಕಾರ್ಯ ಮಾಡಲು ಒಪ್ಪಿಗೆ ಇದೆ, ಮೇಲ್ವಿಚಾರಣೆಗೆ ಒಬ್ಬರನ್ನು ಗೊತ್ತುಮಾಡಿದ್ದೇವೆ ಎಂಬುದಕ್ಕೆ ಒಂದು ಸಹಿ, ಒಂದು ಮೊಹರು. ಅದಕ್ಕಾಗಿ ತುಮಕೂರಿನಲ್ಲಿ ಮೂರು ಕಡೆ ಅಲೆದು ಬಂದಿದ್ದರು. ಎರಡು ಕಡೆ ಆಗುವುದಿಲ್ಲವೆಂದರು. ಮೂರನೆಯ ಕಡೆ, "ನೀವು ದಿನಾ ಬರುವುದೇನೂ ಬೇಡಮ್ಮ, ಡೈರಿ ಬರೆದುಕೊಂಡು ತನ್ನಿ, ಕೊನೆಗೆ ಸಹಿ ಹಾಕಿಕೊಡೋಣ" ಎಂದರಂತೆ.

ಇದನ್ನು ಕೇಳಿ ನಮಗೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ನಾಚಿಕೆ. ಏಕೆಂದರೆ ಎರಡು ವರ್ಷದ ಹಿಂದೆ ಇಂಥದೇ ನಮೂನೆ ತಂದಿದ್ದ ಹುಡುಗನೊಬ್ಬನಿಗೆ ನಾವೂ ಹಾಗೆಯೇ ಮಾಡಿದ್ದೆವು. ಪರಿಚಯದವರ ಮಗ, ಪಾಪ, ಓದಿಕೊಳ್ಳಲಿ ಎಂದು ಮೊಹರು ಒತ್ತಿ ಕಳುಹಿಸಿದೆವು. ಅವನು ಮತ್ತೆ ಬಂದದ್ದು ಕೊನೆಯ ಸಹಿಗೆ. ಇಂದು ಅವನ ಕೈಯಲ್ಲಿ ಪದವಿ ಇದೆ. ಕಷ್ಟದಲ್ಲಿರುವ ಒಂದು ಮನೆಯ ಜಗುಲಿಯ ಮೇಲೆ ಕುಳಿತು ಏನು ಕೇಳಬೇಕು, ಏನು ಕೇಳಬಾರದು ಎಂಬುದು ಅವನಿಗೆ ಗೊತ್ತಿದೆಯೋ ಇಲ್ಲವೋ ನಾವು ಹೇಳಲಾರೆವು. ಅವನ ಕಲಿಕೆಯ ಅರ್ಧವನ್ನು ನಾವೇ ಕದ್ದಂತಾಯಿತು.

ಅರ್ಧ ಎಂದದ್ದು ಬಾಯಿಮಾತಿಗಲ್ಲ. ಇತಿಹಾಸ, ಕನ್ನಡ, ಅರ್ಥಶಾಸ್ತ್ರಗಳನ್ನು ಅಂಚೆಯಲ್ಲಿ ಬಂದ ಪುಸ್ತಕ ಓದಿ ಪರೀಕ್ಷೆ ಬರೆದು ಕಲಿಯಬಹುದು. ಸಮಾಜಕಾರ್ಯ ಹಾಗಲ್ಲ. ವ್ಯಕ್ತಿಯೊಬ್ಬನ ಕಷ್ಟವನ್ನು ಕೂಲಂಕಷವಾಗಿ ತಿಳಿದು ನೆರವಾಗುವುದು, ಗುಂಪಿನೊಡನೆ ಕೆಲಸ ಮಾಡುವುದು, ಊರನ್ನೇ ಸಂಘಟಿಸುವುದು ಇವೇ ಅದರ ಮುಖ್ಯ ವಿಧಾನಗಳು. ಮೊದಲನೆಯದಕ್ಕೆ ಶಾಸ್ತ್ರದ ರೂಪ ಕೊಟ್ಟವರು ಅಮೆರಿಕದ ಮೇರಿ ರಿಚ್‌ಮಂಡ್, 1917ರ ತಮ್ಮ ಗ್ರಂಥದಲ್ಲಿ. ನಮ್ಮ ದೇಶದಲ್ಲಿ ಇದರ ಮೊದಲ ಶಾಲೆ ಮುಂಬಯಿಯಲ್ಲಿ 1936ರಲ್ಲಿ ಟಾಟಾ ಟ್ರಸ್ಟಿನಿಂದ ಆರಂಭವಾಯಿತು. ಮಂಗಳೂರಿನ ರೋಶನಿ ನಿಲಯ 1960ರದು. ಇಂಥ ಕಡೆಗಳಲ್ಲಿ ತರಗತಿಯ ಜೊತೆಗೇ ಕ್ಷೇತ್ರಕಾರ್ಯ ನಡೆಯುತ್ತದೆ: ಆಸ್ಪತ್ರೆ, ಕೊಳೆಗೇರಿ, ಬಾಲಮಂದಿರ, ಹಳ್ಳಿ. ಹೋಗುವುದು, ನೋಡುವುದು, ಬರೆಯುವುದು, ಬರೆದದ್ದನ್ನು ಮೇಲ್ವಿಚಾರಕರಿಂದ ತಿದ್ದಿಸಿಕೊಳ್ಳುವುದು. ದೂರಶಿಕ್ಷಣದಲ್ಲಿಯೂ ಈ ನಿಯಮಕ್ಕೆ ರಿಯಾಯಿತಿ ಇಲ್ಲ. ದೂರವಿರುವುದು ತರಗತಿ ಮಾತ್ರ. ಕ್ಷೇತ್ರ ವಿದ್ಯಾರ್ಥಿಯ ಸುತ್ತಲೇ ಇರಬೇಕು.

ಅಂಚೆಯ ಮೂಲಕ ಓದುವುದು ನಮ್ಮ ಹಿರಿಯ ಸದಸ್ಯರಿಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಶಿಕ್ಷಣ 1969ರಲ್ಲಿ ಶುರುವಾದಾಗ ತೋಟ ನೋಡಿಕೊಂಡೇ ಬಿ.ಎ. ಮುಗಿಸಿದವರು ನಮ್ಮಲ್ಲಿದ್ದಾರೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ 1985ರಲ್ಲಿ ಬಂತು. ಮೈಸೂರಿನ ಆ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಹಾಗೆಯೇ ಒಂದು ಕಹಿ ನೆನಪೂ ಇದೆ. ಹೊರರಾಜ್ಯಗಳಲ್ಲಿ ಖಾಸಗಿಯವರ ಮೂಲಕ ಕೇಂದ್ರ ನಡೆಸಿದ್ದು, ತಾಂತ್ರಿಕ ಕೋರ್ಸು ಕೊಟ್ಟದ್ದು ಮೊದಲಾದ ಕಾರಣಗಳಿಂದ 2012-13ರಿಂದೀಚೆಗೆ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಮಾನ್ಯತೆ ಇಲ್ಲವೆಂದು ಯು.ಜಿ.ಸಿ. 2015ರಲ್ಲಿ ಪ್ರಕಟಿಸಿತು. ಮಾನ್ಯತೆ ಮರಳಿದ್ದು 2018ರಲ್ಲಿ, ಅದೂ ಮುಂದಿನ ವರ್ಷಗಳಿಗೆ. ನಡುವೆ ಸಿಕ್ಕಿಕೊಂಡ ಸಾವಿರಾರು ಮಂದಿಯಲ್ಲಿ ಯಾವ ತಪ್ಪೂ ಮಾಡದ ಹಳ್ಳಿಯ ಮಕ್ಕಳೂ ಇದ್ದರು. ಆದುದರಿಂದ ಮಗಳನ್ನೋ ಸೊಸೆಯನ್ನೋ ಸೇರಿಸುವ ಮುನ್ನ ಆ ವರ್ಷಕ್ಕೆ, ಆ ಕೋರ್ಸಿಗೆ ಯು.ಜಿ.ಸಿ.ಯ ದೂರಶಿಕ್ಷಣ ವಿಭಾಗದ ಮಾನ್ಯತೆ ಇದೆಯೇ ಎಂದು ನೋಡಿಕೊಳ್ಳಿ. ಮಾನ್ಯತೆಯಿದ್ದರೆ ಈ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನವೆಂದು ಯು.ಜಿ.ಸಿ. 2022ರಲ್ಲಿ ಸ್ಪಷ್ಟಪಡಿಸಿದೆ. ಬೀದಿಯ ಫಲಕ ನೋಡಿ ಶುಲ್ಕ ಕಟ್ಟಬೇಡಿ.

"ಸಮಾಜಸೇವೆಗೆ ಪದವಿ ಯಾಕೆ ಸ್ವಾಮಿ? ಸಿದ್ಧಗಂಗೆಯ ಬುದ್ಧಿಯವರು ಯಾವ ಕೋರ್ಸು ಮಾಡಿದ್ದರು?" ಎಂದು ಆಡಳಿತ ಮಂಡಳಿಯ ಹಿರಿಯರೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದುದೇ. 2019ರ ಜನವರಿಯಲ್ಲಿ ಶಿವೈಕ್ಯರಾದ ಶಿವಕುಮಾರ ಸ್ವಾಮಿಗಳ ಮಠದಲ್ಲಿ ಉಂಡು ಓದಿದವರು ಈ ಜಿಲ್ಲೆಯ ಯಾವ ಊರಿನಲ್ಲಿ ಇಲ್ಲ? ಆ ಸೇವೆಯನ್ನು ಯಾವ ವಿಶ್ವವಿದ್ಯಾನಿಲಯವೂ ಕಲಿಸಲಾರದು. ಆದರೆ ಸೇವೆ ಬೇರೆ, ಈ ಕಸುಬು ಬೇರೆ. ಹಸಿದವರಿಗೆ ಅನ್ನ ಇಡುವುದು ಸೇವೆ. ಮನೆಯ ಯಜಮಾನ ಕುಡಿತಕ್ಕೆ ಬಿದ್ದು, ಹೆಂಡತಿ ಮೈಕ್ರೋಫೈನಾನ್ಸಿನ ವಾರದ ಕಂತಿಗೆ ಹೆದರಿ ತವರಿಗೆ ಹೋಗಿ, ಮಗ ಶಾಲೆ ಬಿಟ್ಟಿರುವ ಮನೆಯಲ್ಲಿ ಯಾವ ಗಂಟನ್ನು ಮೊದಲು ಬಿಚ್ಚಬೇಕು ಎಂದು ತಿಳಿಯುವುದಕ್ಕೆ ಒಳ್ಳೆಯ ಮನಸ್ಸೊಂದೇ ಸಾಲದು. ಸಾಲ ವಸೂಲಿಯ ಕಿರುಕುಳದ ವಿರುದ್ಧ 2025ರಲ್ಲಿ ನಮ್ಮ ರಾಜ್ಯದಲ್ಲಿ ಕಾನೂನು ಬಂದಿದೆ. ಮನಸ್ಸು ಕುಸಿದವರು ಮಾತಾಡಲು 14416 ಎಂಬ ಟೆಲಿ-ಮಾನಸ್ ದೂರವಾಣಿ 2022ರಿಂದ ಇದೆ. ಮಕ್ಕಳಿಗಾಗಿ 1098 ಇದೆ. ಇವನ್ನೆಲ್ಲ ಬಲ್ಲವರು, ಬಲ್ಲುದನ್ನು ಆ ಮನೆಯ ಹೊಸ್ತಿಲವರೆಗೆ ಒಯ್ಯುವವರು ನಮ್ಮ ಹೋಬಳಿಯಲ್ಲಿ ಎಷ್ಟು ಮಂದಿ?

ನಮ್ಮದೇ ಮನೆಯ ಮಾತಿಗೆ ಬರೋಣ. ದೊಡ್ಡ ತೋಟಗಳಿಗೆ 1951ರ ತೋಟ ಕಾರ್ಮಿಕರ ಕಾಯಿದೆ ಇತ್ತು. 300 ಮಂದಿ ಕಾರ್ಮಿಕರಿದ್ದ ಕಡೆ ಕಲ್ಯಾಣಾಧಿಕಾರಿ ಇರಲೇಬೇಕೆಂದು ಅದು ವಿಧಿಸಿತ್ತು. ಕಾಫಿ, ಟೀ, ರಬ್ಬರುಗಳ ಹೆಸರಿದ್ದ ಆ ಕಾಯಿದೆಯ ಪಟ್ಟಿಯಲ್ಲಿ ಅಡಿಕೆಯ ಹೆಸರಿರಲಿಲ್ಲ. ಕಾಫಿಯಲ್ಲಿಯೂ ಎರಡು ಮೂರು ಎಕರೆಯವರು ಅದರ ಹೊರಗೆ. ಹಳೆಯ ಕಾಯಿದೆಗಳ ಜಾಗಕ್ಕೆ 2025ರ ನವೆಂಬರಿನಲ್ಲಿ ಹೊಸ ಸಂಹಿತೆಗಳು ಬಂದಿವೆ, ಸಣ್ಣ ಹಿಡುವಳಿದಾರನ ಆಳು ಈಗಲೂ ಹೊರಗೇ. ವಸಂತನರಸಾಪುರದ ಕಾರ್ಖಾನೆಗೆ ಬಸ್ಸು ಹತ್ತುವ ಹುಡುಗನ ಕ್ಷೇಮ ನೋಡಲು ಯಾರೋ ಒಬ್ಬ ಅಧಿಕಾರಿ ಇರಬಹುದು. ಅವನ ಅಪ್ಪ ನಮ್ಮ ಅಡಿಕೆ ಮರದಿಂದ ಬಿದ್ದರೆ ಕೇಳುವವರಿಲ್ಲ.

ಬೀಳುತ್ತಾರೆ. ಮಲೆನಾಡಿನವರು ಕೊನೆಗೌಡ ಎಂದು ಕರೆಯುವ, ನಮ್ಮ ಕಡೆ ಬರಿಯ "ಅಡಿಕೆ ಕೀಳೋನು" ಆಗಿರುವ ಆಳು ಮರದಿಂದ ಬಿದ್ದು ಸೊಂಟ ಮುರಿದುಕೊಂಡದ್ದು ನಮ್ಮ ನೆನಪಿನಲ್ಲಿಯೇ ಒಂದಕ್ಕಿಂತ ಹೆಚ್ಚು ಸಲ ಆಗಿದೆ. ಹಾಗೆ ಬಿದ್ದ ಒಬ್ಬರ ಮನೆಗೆ ಈ ವಿದ್ಯಾರ್ಥಿನಿ ಮೊನ್ನೆ ಹೋಗಿದ್ದರು. ತೋಟದವರು ಆಸ್ಪತ್ರೆಯ ಖರ್ಚು ಕೊಟ್ಟಿದ್ದರು, ನಿಜ. ಅಲ್ಲಿಗೆ ತಮ್ಮ ಋಣ ತೀರಿತೆಂದು ತಿಳಿದಿದ್ದರು. ನಾವಾದರೂ ಹಾಗೆಯೇ ತಿಳಿಯುತ್ತಿದ್ದೆವು. ಹೆಂಡತಿ ರಾತ್ರಿ ಹನ್ನೆರಡರವರೆಗೆ ಅಡಿಕೆ ಸುಲಿದು ಸಂಸಾರ ತೂಗಿಸುತ್ತಿದ್ದಳು. ಪಿಯುಸಿ ಓದುತ್ತಿದ್ದ ಮಗ ಕಾಲೇಜು ಬಿಟ್ಟಿದ್ದ. ಅಂಗವಿಕಲರ ಗುರುತಿನ ಚೀಟಿಯಾಗಲಿ, ಮಾಸಾಶನವಾಗಲಿ ತಮಗೆ ಸಿಗಬಹುದೆಂದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ನಾಡಕಚೇರಿ ಅಲ್ಲೇ ಕೋರದಲ್ಲಿದೆ. ಆಕೆ ಮೂರು ಸಲ ಹೋಗಿ ಬಂದ ಮೇಲೆ ಅರ್ಜಿ ದಾಖಲಾಗಿದೆ. ಜಿಲ್ಲಾ ಆಸ್ಪತ್ರೆಯ ಪರೀಕ್ಷೆ ಇನ್ನೂ ಆಗಬೇಕು. ಹುಡುಗ ಕಾಲೇಜಿಗೆ ಮರಳುವನೋ ಇಲ್ಲವೋ ಈಗಲೇ ಹೇಳಲಾಗದು.

ಇದು ಹೂವಿನ ಹಾದಿಯಲ್ಲ ಎಂಬುದನ್ನೂ ಹೇಳಬೇಕು. ತೋಟದವರ ಮನೆಯ ಸೊಸೆ ಕೂಲಿಯವರ ಕೇರಿಗೆ ಹೋಗಿ ಕುಳಿತರೆ ಊರು ಏನೆನ್ನುತ್ತದೆ ಎಂಬುದು ಓದುಗರಿಗೆ ತಿಳಿಯದ್ದಲ್ಲ. ಮೊದಲ ದಿನ ಆ ಮನೆಯಲ್ಲಿ ಕೊಟ್ಟ ನೀರನ್ನು ಆಕೆ ಕುಡಿದರೆಂಬ ಸುದ್ದಿ ಆಕೆಗಿಂತ ಮೊದಲೇ ಮನೆ ಮುಟ್ಟಿತಂತೆ. ಇನ್ನೊಂದು ತೊಡಕು ಗುಟ್ಟಿನದು. ಕೇಳಿದ್ದನ್ನು ಹೊರಗೆ ಆಡಬಾರದೆಂಬುದು ಈ ಕಸುಬಿನ ಮೊದಲ ಕಟ್ಟುಪಾಡು. ಎಲ್ಲರೂ ಎಲ್ಲರನ್ನೂ ಬಲ್ಲ ಹಳ್ಳಿಯಲ್ಲಿ, ಅದರಲ್ಲೂ ಸಾಲದ ಲೆಕ್ಕವಿರುವ ಸಹಕಾರ ಸಂಘದಲ್ಲಿ ಅದು ಸುಲಭವಲ್ಲ. ಆಕೆಯ ಡೈರಿಯನ್ನು ಮೇಲ್ವಿಚಾರಕರಲ್ಲದೆ ಬೇರೆ ಯಾರೂ, ಅಧ್ಯಕ್ಷರೂ ಸಹ, ನೋಡಕೂಡದೆಂದು ನಾವು ಕರಾರು ಮಾಡಿಕೊಂಡಿದ್ದೇವೆ. ಒಬ್ಬ ನಿರ್ದೇಶಕರಿಗೆ ಇದು ರುಚಿಸಲಿಲ್ಲ. ಸಾಲ ಬಾಕಿಯವರ ಮನೆಯ ಸ್ಥಿತಿ ತಿಳಿದರೆ ವಸೂಲಿಗೆ ಅನುಕೂಲವೆಂಬುದು ಅವರ ಎಣಿಕೆಯಾಗಿತ್ತು! ಅದಕ್ಕೆ ಆಸ್ಪದ ಕೊಟ್ಟ ದಿನ ಯಾವ ಮನೆಯ ಬಾಗಿಲೂ ಆಕೆಗೆ ತೆರೆಯಲಾರದು.

ಪಠ್ಯದ ಭಾಷೆಯೂ ಒಂದು ಗೋಳು. ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದ ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ. ಕನ್ನಡದಲ್ಲಿ ಕೇಳಿದ ಕಷ್ಟವನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಅರ್ಧ ಸೋರಿಹೋಗುತ್ತದೆ ಎನ್ನುತ್ತಾರೆ ಆಕೆ. "ಹೊಟ್ಟೆ ಉರೀತದೆ" ಎಂಬುದನ್ನು ಏನೆಂದು ಬರೆಯುವುದು?

ನಮ್ಮ ಅಭಿಪ್ರಾಯವಿಷ್ಟು. ಸಹಕಾರ ತತ್ತ್ವಗಳಿಗೆ 1995ರಲ್ಲಿ ಏಳನೆಯದಾಗಿ ಸಮುದಾಯದ ಕಾಳಜಿಯನ್ನು ಸೇರಿಸಿದರು. ಪ್ರತಿ ಸಪ್ತಾಹದಲ್ಲೂ ಅದನ್ನು ಭಾಷಣದಲ್ಲಿ ಕೇಳುತ್ತೇವೆ, ಶಾಲು ಹೊದಿಸಿ ಮುಗಿಸುತ್ತೇವೆ. ಅದರ ಬದಲು ಪ್ರತಿ ಸಂಘವೂ ವರ್ಷಕ್ಕೆ ಒಬ್ಬರೋ ಇಬ್ಬರೋ ದೂರಶಿಕ್ಷಣದ ಸಮಾಜಕಾರ್ಯ ವಿದ್ಯಾರ್ಥಿಗಳಿಗೆ ತನ್ನ ಬಾಗಿಲು ತೆರೆಯಲಿ. ಒಂದು ಮೇಜು, ಬಸ್ಸಿನ ಖರ್ಚು, ಜೊತೆಗೆ ಮನೆಗಳನ್ನು ಬಲ್ಲ ಒಬ್ಬ ಹಳೆಯ ಗುಮಾಸ್ತರು ಇದ್ದರೆ ಸಾಕು. ಮೇಲ್ವಿಚಾರಣೆಗೆ ಅರ್ಹತೆಯುಳ್ಳವರು ಸಂಘದಲ್ಲಿ ಇಲ್ಲದಿದ್ದರೆ ತುಮಕೂರು ವಿಶ್ವವಿದ್ಯಾನಿಲಯದಲ್ಲಿ ಸಮಾಜಕಾರ್ಯ ವಿಭಾಗವಿದೆ, ಅಲ್ಲಿ ಕೇಳೋಣ. ಕಾಫಿ ಸೀಮೆಯ ಸದಸ್ಯರಿಗೂ ಇದು ಅನ್ವಯಿಸುತ್ತದೆ. ಹಣ್ಣು ಕೊಯ್ಯಲು ಅಸ್ಸಾಮಿನಿಂದ ಬಂದ ಕುಟುಂಬಗಳ ಮಕ್ಕಳು ಯಾವ ಶಾಲೆಯ ಹಾಜರಿ ಪುಸ್ತಕದಲ್ಲಿದ್ದಾರೆ ಎಂಬುದಷ್ಟನ್ನೇ ಒಬ್ಬ ವಿದ್ಯಾರ್ಥಿ ಒಂದು ಕೊಯ್ಲಿನಲ್ಲಿ ಪಟ್ಟಿ ಮಾಡಿದರೂ ಅದು ಕೆಲಸವೇ.

ಬಾರದೆ, ಮಾಡದೆ ಸಹಿ ಕೇಳುವವರಿಗೆ, ಅವರು ಯಾರ ಮಗನಾಗಿರಲಿ, ಮೊಹರು ಕೊಡಬಾರದು. ಇದನ್ನು ಠರಾವಿನ ರೂಪದಲ್ಲಿ ಮುಂದಿನ ಸರ್ವ ಸದಸ್ಯರ ಸಭೆಗೆ ತರುತ್ತಿದ್ದೇವೆ. ಎರಡು ವರ್ಷದ ಹಿಂದಿನ ನಮ್ಮ ಸಹಿಯ ವಿಷಯವೂ ಅಂದು ನಡವಳಿಕೆಯಲ್ಲಿ ದಾಖಲಾಗುತ್ತದೆ.

ಸದ್ಯಕ್ಕೆ ಆಕೆ ಸೋಮವಾರ ಮತ್ತು ಗುರುವಾರ, ಹಾಲು ಹಾಕಿ ಮಕ್ಕಳನ್ನು ಶಾಲೆಗೆ ಕಳುಹಿಸಿದ ಮೇಲೆ, ಹತ್ತೂವರೆಗೆ ನಮ್ಮ ಕಚೇರಿಗೆ ಬರುತ್ತಾರೆ. ಮರದಿಂದ ಬಿದ್ದವರು, ಒಂಟಿಯಾಗಿರುವ ವೃದ್ಧರು, ಕಾಲೇಜು ಬಿಟ್ಟ ಮಕ್ಕಳು ನಿಮ್ಮ ತೋಟದ ಸುತ್ತಮುತ್ತ ಇದ್ದರೆ, ಅವರ ಒಪ್ಪಿಗೆ ಕೇಳಿ, ಆ ವೇಳೆಗೆ ಬಂದು ತಿಳಿಸಿ.